ಎಕ್ಸ್‌ರೇಯಲ್ಲಿ ಕಂಡ ಮಗು, ಹತ್ತಿಗೆ ಹತ್ತಿದ ಕೆಂಪು: ಒಂದು ಭಾವಚಿತ್ರದ ಪ್ರಕರಣ

ಹಳೆಯ ಚಿತ್ರಗಳನ್ನು ಸರಿಪಡಿಸುವ ನಮ್ಮ ಕಾರ್ಯಾಗಾರದಲ್ಲಿ ಈ ಚಿತ್ರ ಹನ್ನೊಂದು ತಿಂಗಳು ಇತ್ತು. ಯಾರ ಮನೆಯದು, ಚಿತ್ರದಲ್ಲಿರುವ ಹೆಂಗಸಿನ ಹೆಸರೇನು ಎಂಬುದನ್ನು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ. ಈ ಕೆಲಸದಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದರ ಅಳತೆ ಒಂಬತ್ತು ಮಿಲಿಮೀಟರ್ ಉದ್ದ, ಆರು ಮಿಲಿಮೀಟರ್ ಅಗಲ. ಅದು ಹೇಗಾಯಿತು ಎಂಬುದು ಈ ವೃತ್ತಿಯಲ್ಲಿರುವವರಿಗೂ ಇನ್ನು ಬರಲಿರುವವರಿಗೂ ಉಪಯೋಗಕ್ಕೆ ಬರುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ, 92 × 71 ಸೆಂ.ಮೀ. ಕುರ್ಚಿಯಲ್ಲಿ ಕುಳಿತ ನಡುವಯಸ್ಸಿನ ಹೆಂಗಸು, ಹೆಗಲಿನಿಂದ ಮಡಿಲಿಗೆ ಇಳಿದ ಕಡುಗೆಂಪು ಶಾಲು, ಬೆನ್ನ ಹಿಂದೆ ಕಂದು ಕತ್ತಲು. ಸಹಿ ಇಲ್ಲ. ಮನೆಯ ಹಳೆಯ ಕಾಗದಗಳ ಪ್ರಕಾರ 1870ರ ದಶಕದ್ದು. ನಾಲ್ಕು ತಲೆಮಾರು ಒಂದೇ ಕುಟುಂಬದಲ್ಲಿ ಉಳಿದು, ಈಗ ಎಪ್ಪತ್ತು ದಾಟಿದ ಅಕ್ಕ ಮತ್ತು ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ತಮ್ಮ, ಇಬ್ಬರ ಪಾಲಿಗೂ ಬಂದಿದೆ.

ಇಬ್ಬರೂ ಒಟ್ಟಿಗೇ ಬಂದರು, ಬೇಕಾದದ್ದು ಮಾತ್ರ ಬೇರೆ ಬೇರೆ. ತಮ್ಮನಿಗೆ ಚಿತ್ರ ಬರೆದ ದಿನದ ಹಾಗೆ ಕಾಣಬೇಕು. "ಈ ಹಳದಿಯೆಲ್ಲ ಹೋಗಿ ಮುಖ ಬೆಳ್ಳಗೆ ಕಾಣಲಿ, ಎಷ್ಟು ದಿನ ಆದರೂ ಪರವಾಗಿಲ್ಲ" ಎಂದರು. ಅಕ್ಕ ಅಷ್ಟು ಹೊತ್ತೂ ಚಿತ್ರದ ಕೆಳ ಅಂಚನ್ನೇ ನೋಡುತ್ತಿದ್ದರು. ಅಲ್ಲಿ ಬಣ್ಣ ಚಕ್ಕೆ ಎದ್ದಿತ್ತು. "ಉದುರೋದು ನಿಂತರೆ ಸಾಕು. ನಾನು ಚಿಕ್ಕಂದಿನಿಂದ ನೋಡಿದ ಮುಖ ಇದು, ಹಾಗೇ ಇರಲಿ. ಆ ಸ್ಪೇನ್ ದೇಶದ ಚರ್ಚಿನಲ್ಲಿ ಆಯಿತಲ್ಲ, ಅಂಥದ್ದು ಆಗಬಾರದು" ಎಂದರು. 2012ರಲ್ಲಿ ಬೋರ್ಹಾ ಊರಿನ ಗೋಡೆಚಿತ್ರದಲ್ಲಿ ಯೇಸುವಿನ ಮುಖವನ್ನು ಸರಿಪಡಿಸಲು ಹೋಗಿ ಕೆಡಿಸಿದ ಸುದ್ದಿ ಅದು. ಅದಾದ ಮೇಲೆ ನಮ್ಮ ಬಳಿ ಬರುವ ಮಾಲೀಕರಲ್ಲಿ ಬಹಳ ಜನ ಆ ಮಾತು ಎತ್ತುತ್ತಾರೆ. ಎತ್ತುವುದು ಒಳ್ಳೆಯದೇ. ಭಯವನ್ನು ಬಾಯಿಬಿಟ್ಟು ಹೇಳಿದ ಮಾಲೀಕರ ಜೊತೆ ಕೆಲಸ ಮಾಡುವುದು ಸುಲಭ.

ಉದುರುವಿಕೆಯ ಕಾರಣ ಮೊದಲ ದಿನವೇ ಸಿಕ್ಕಿತು. ಕ್ಯಾನ್ವಾಸ್ ಬಿಗಿಯಾಗಿರಲೆಂದು ಒಳಚೌಕಟ್ಟಿನ ಮೂಲೆಗಳಿಗೆ ಮರದ ಸಣ್ಣ ಬೆಣೆಗಳನ್ನು ಬಡಿದಿರುತ್ತಾರೆ. ಅವುಗಳಲ್ಲಿ ಒಂದು ಸಡಿಲಗೊಂಡು, ಜಾರಿ, ಕೆಳಗಿನ ಪಟ್ಟಿಗೂ ಕ್ಯಾನ್ವಾಸಿಗೂ ನಡುವೆ ಬಿದ್ದುಕೊಂಡಿತ್ತು. ಮುಂದಿನಿಂದ ನೋಡಿದರೆ ಅಲ್ಲೊಂದು ಉಬ್ಬು, ಉಬ್ಬಿನ ನೆತ್ತಿಯ ಮೇಲೆ ಬಣ್ಣ ಗುಡಾರದ ಹಾಗೆ ಎದ್ದು ನಿಂತಿತ್ತು. ತೆಳುವಾದ ಸ್ಪಾಟುಲಾದಿಂದ ಬೆಣೆಯನ್ನು ಈಚೆ ತಂದೆ. ಅದು ಕಿರುಬೆರಳಿನಷ್ಟು ಉದ್ದವಿತ್ತು, ಮೇಲೆ ಎಷ್ಟೋ ವರ್ಷದ ಧೂಳು. ಎದ್ದ ಚಕ್ಕೆಗಳ ಕೆಳಗೆ ಸ್ಟರ್ಜನ್ ಮೀನಿನ ಅಂಟನ್ನು ಬೆಚ್ಚಗೆ ಹರಿಯಬಿಟ್ಟು, ಜಪಾನಿ ಕಾಗದದ ಮೇಲಿನಿಂದ ಸಣ್ಣ ಬಿಸಿ ಸ್ಪಾಟುಲಾ ಒತ್ತಿ ಕೂರಿಸುವುದಕ್ಕೆ ಎರಡು ವಾರ ಬೇಕಾಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅಕ್ಕನ ಕೆಲಸ ಮುಗಿದಂತೆ. ಅವರ ಬೇಡಿಕೆಯೇ ಸರಿ ಎಂದು ಆಗ ನನಗೆ ಅನ್ನಿಸಿರಲಿಲ್ಲ. ಯಾಕೆಂದರೆ ಎಡಭಾಗದ ಕಂದು ಬಣ್ಣ ನನ್ನ ಕಣ್ಣನ್ನು ಎಳೆಯುತ್ತಿತ್ತು.

ಎಡಭಾಗದ ಕತ್ತಲು

ಆಕೆಯ ಮೊಣಕೈ ಮಟ್ಟದಲ್ಲಿ, ಚಿತ್ರದ ಎಡಕ್ಕೆ, ಸುಮಾರು 24 × 18 ಸೆಂ.ಮೀ. ಜಾಗದಲ್ಲಿ ಹಿನ್ನೆಲೆಯ ಬಣ್ಣ ಮಂಕಾಗಿ, ದಪ್ಪಗಿತ್ತು. ದೀಪವನ್ನು ಪಕ್ಕದಿಂದ ಹಾಯಿಸಿದರೆ ಕುಂಚದ ಗೆರೆಗಳು ಅಲ್ಲಿ ಬೇರೆಯೇ ದಿಕ್ಕಿಗೆ ಓಡುತ್ತಿದ್ದವು. ನೇರಳಾತೀತ (ಯುವಿ) ದೀಪದಲ್ಲಿ ಇಡೀ ಚಿತ್ರ ಹಸಿರು ಮಂಜು ಮುಸುಕಿದ ಹಾಗೆ ಕಂಡಿತು. ಡಮಾರ್, ಮಾಸ್ಟಿಕ್‌ನಂಥ ಮರದ ರಾಳದ ವಾರ್ನಿಷ್ ಹಳೆಯದಾದರೆ ಹೀಗೆ ಹೊಳೆಯುತ್ತದೆ. ಆಮೇಲೆ ತಿದ್ದಿ ಹಚ್ಚಿದ ಬಣ್ಣ, ಅಂದರೆ ರೀಟಚ್, ವಾರ್ನಿಷಿನ ಮೇಲ್ಗಡೆ ಇದ್ದಿದ್ದರೆ ಕಪ್ಪು ಕಲೆಯಾಗಿ ಎದ್ದು ಕಾಣಬೇಕಿತ್ತು, ಇಲ್ಲಿ ಕಂದು ಜಾಗದ ಮೇಲೂ ಅದೇ ಹಸಿರು ಇತ್ತು. ಅಂದರೆ ಯಾರೋ ಅಲ್ಲಿ ಬಣ್ಣ ಹಚ್ಚಿ, ಆಮೇಲೆ ಇಡೀ ಚಿತ್ರಕ್ಕೆ ಮತ್ತೊಂದು ಕೈ ವಾರ್ನಿಷ್ ಬಳಿದಿದ್ದಾರೆ.

ಹಿಂಬದಿಯಿಂದ ಏನೂ ತಿಳಿಯುವಂತಿರಲಿಲ್ಲ. ಯಾವಾಗಲೋ ಮೂಲ ಕ್ಯಾನ್ವಾಸಿನ ಬೆನ್ನಿಗೆ ಹಿಟ್ಟಿನ ಗೋಂದಿನಿಂದ ಇನ್ನೊಂದು ಬಟ್ಟೆಯನ್ನು ಪೂರ್ತಿಯಾಗಿ ಅಂಟಿಸಿ ಲೈನಿಂಗ್ ಮಾಡಿದ್ದರು. ಒಂದು ಕಾಲದಲ್ಲಿ ಇದನ್ನು ಬೇಕಿದ್ದಕ್ಕೂ ಬೇಡದ್ದಕ್ಕೂ ಮಾಡುತ್ತಿದ್ದರು. 1974ರಲ್ಲಿ ಗ್ರೀನಿಚ್‌ನಲ್ಲಿ ಲೈನಿಂಗ್ ಕುರಿತೇ ಒಂದು ಸಮ್ಮೇಳನ ನಡೆದ ಮೇಲೆ ಈ ವೃತ್ತಿಯಲ್ಲಿ ಆ ಅಭ್ಯಾಸಕ್ಕೆ ಕಡಿವಾಣ ಬಿತ್ತು. ಇಲ್ಲಿನ ಲೈನಿಂಗ್ ಇನ್ನೂ ಗಟ್ಟಿಯಾಗಿತ್ತು, ಎಲ್ಲೂ ಬಿಟ್ಟುಕೊಂಡಿರಲಿಲ್ಲ. ಕುತೂಹಲಕ್ಕಾಗಿ ಅದನ್ನು ಕೀಳುವುದು ಸಲ್ಲದು ಎಂದು ಹಾಗೇ ಬಿಟ್ಟು, ಎಕ್ಸ್‌ರೇ ತೆಗೆಸಿದೆವು.

ಪರದೆಯ ಮೇಲೆ ಎಕ್ಸ್‌ರೇ ತೆರೆದಾಗ ತಮ್ಮ ಪಕ್ಕದಲ್ಲೇ ಇದ್ದರು. ಕಂದು ಜಾಗದ ನಟ್ಟನಡುವೆ ಬೆಳ್ಳನೆಯ ದುಂಡಾಕಾರ. ಮೇಲೆ ಅಗಲ, ಕೆಳಗೆ ಕಿರಿದು, ಒಳಗೆ ಎರಡು ಮಸುಕು ಚುಕ್ಕೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಮಗು! ಮಗುವಿನ ಮುಖ ಅದು! ಪಕ್ಕದಲ್ಲಿ ಮಗು ನಿಂತಿದೆ!" ಆಗಲೇ ಫೋನು ಹಚ್ಚಿ, "ಅಕ್ಕಾ, ನೀನು ಕೂಡಲೇ ಬಾ" ಎಂದರು.

ನಾನೂ ನೋಡಿದೆ. ನನಗೂ ಮುಖವೇ ಕಂಡಿತು. ಹೀಗೆ ನಡೆದ ಉದಾಹರಣೆಯೂ ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ, ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಚಿತ್ರವೊಂದರಲ್ಲಿ, ಕಿಟಕಿಯ ಬಳಿ ಕಾಗದ ಓದುತ್ತಿರುವ ಹುಡುಗಿಯ ಹಿಂದಿನ ಖಾಲಿ ಗೋಡೆಯಲ್ಲಿ ಮನ್ಮಥನ ಚಿತ್ರ ಅಡಗಿದೆ ಎಂದು 1979ರಲ್ಲೇ ಎಕ್ಸ್‌ರೇ ತೋರಿಸಿತ್ತು. ಅದನ್ನು ಮುಚ್ಚಿದವನು ವರ್ಮೀರನೇ ಎಂದು ದಶಕಗಳ ಕಾಲ ನಂಬಿಕೊಂಡಿದ್ದರು. ಆಮೇಲೆ ಪದರಗಳನ್ನು ಪರೀಕ್ಷಿಸಿದಾಗ ಮೂಲ ಚಿತ್ರಕ್ಕೂ ಮುಚ್ಚಿದ ಬಣ್ಣಕ್ಕೂ ನಡುವೆ ವಾರ್ನಿಷ್ ಮತ್ತು ಕೊಳೆ ಸಿಕ್ಕಿತು. ಮುಚ್ಚಿದ್ದು ಬಹಳ ಕಾಲದ ನಂತರ, ಬೇರೆಯವರ ಕೈ ಎಂದು ಖಚಿತವಾದ ಮೇಲೆ ಮೇಲ್ಬಣ್ಣ ತೆಗೆದು, 2021ರಲ್ಲಿ ಮನ್ಮಥನ ಸಮೇತ ಚಿತ್ರವನ್ನು ಪ್ರದರ್ಶನಕ್ಕಿಟ್ಟರು. ತಮ್ಮನಿಗೆ ಈ ಕಥೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಕ ಬಂದರು, ಪರದೆಯನ್ನು ಬಹಳ ಹೊತ್ತು ನೋಡಿದರು. "ನಮ್ಮ ಮನೆಯಲ್ಲಿ ಇಂಥ ಮಗುವಿನ ಮಾತು ಯಾವತ್ತೂ ಬಂದಿಲ್ಲ" ಎಂದಷ್ಟೇ ಹೇಳಿ ಹೊರಟುಹೋದರು.

ನೇಯ್ಗೆ ಇಲ್ಲದ ಮುಖ

ಉತ್ತರ ಅದೇ ಎಕ್ಸ್‌ರೇಯಲ್ಲಿ ಇತ್ತು. ಸಂಜೆ ಎಲ್ಲರೂ ಹೋದ ಮೇಲೆ ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ, ಮೂಲೆಯಿಂದ ಶುರುಮಾಡಿ ಸಾಲುಸಾಲಾಗಿ ನೋಡುತ್ತ ಬಂದೆ. ಹಳೆಯ ಕ್ಯಾನ್ವಾಸಿಗೆ ಬಣ್ಣಕ್ಕಿಂತ ಮೊದಲು ಸೀಸದ ಬಿಳಿ ಕೂಡಿದ ಅಸ್ತರಿ ಬಳಿಯುತ್ತಿದ್ದರು. ಅದು ದಾರಗಳ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ಸೀಸ ಎಕ್ಸ್‌ರೇಯನ್ನು ತಡೆಯುವುದರಿಂದ ಬಟ್ಟೆಯ ನೇಯ್ಗೆ ಚಿತ್ರದ ತುಂಬ ಸಣ್ಣ ಜಾಳಿಗೆಯಾಗಿ ಮೂಡುತ್ತದೆ. ಆಕೆಯ ಮುಖದಲ್ಲಿ ಜಾಳಿಗೆ ಇತ್ತು, ಶಾಲಿನಲ್ಲಿತ್ತು, ಕೈಯಲ್ಲಿತ್ತು. ಮಗುವಿನ "ಮುಖ"ದಲ್ಲಿ ಇರಲಿಲ್ಲ. ದಾರಗಳು ಅದರ ಅಂಚಿನವರೆಗೆ ಬಂದು, ಹರಿದ ಬಟ್ಟೆಯ ತುದಿಯ ಹಾಗೆ ಒಂದೊಂದೂ ಒಂದೊಂದು ಉದ್ದಕ್ಕೆ ತುಂಡಾಗಿದ್ದವು.

ಅದು ತೂತು. 11 × 7 ಸೆಂ.ಮೀ. ತೂತು, ಸೀಸದ ಬಿಳಿಯ ಪುಟ್ಟಿಯಿಂದ ಮುಚ್ಚಿದ್ದು. ಕಣ್ಣುಗಳಂತೆ ಕಂಡ ಎರಡು ಚುಕ್ಕೆ ಪುಟ್ಟಿಯೊಳಗಿನ ಗಾಳಿಗುಳ್ಳೆ.

ಒಂದೇ ಸಾಕ್ಷಿಯ ಮೇಲೆ ನಿಲ್ಲಬಾರದೆಂದು ಮತ್ತೆರಡು ಪರೀಕ್ಷೆ ಮಾಡಿದೆವು. ಮುಟ್ಟದೆಯೇ ಬಣ್ಣದೊಳಗಿನ ಲೋಹಗಳನ್ನು ಹೇಳುವ ಎಕ್ಸ್‌ಆರ್‌ಎಫ್ ಯಂತ್ರ ಕಂದು ಜಾಗದಲ್ಲಿ ಟೈಟಾನಿಯಂ ತೋರಿಸಿತು. ಆಕೆಯ ಹಣೆಯ ಬಿಳಿಯಲ್ಲಿ ಬರೀ ಸೀಸ. ಟೈಟಾನಿಯಂ ವೈಟ್ ಕಲಾವಿದರ ಕೈಗೆ ಬಂದದ್ದು 1920ರ ಸುಮಾರಿಗೆ. ಮಣ್ಣಿನ ಕಂದುಬಣ್ಣಗಳಲ್ಲಿ ಟೈಟಾನಿಯಂ ಸಹಜವಾಗಿಯೇ ಸ್ವಲ್ಪ ಇರುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಅದಕ್ಕೆ ಕಂದು ಜಾಗದ ಒಂದು ಬಿರುಕಿನ ಅಂಚಿನಿಂದ ಸಾಸಿವೆಗಿಂತ ಸಣ್ಣ ಚೂರು ತೆಗೆದು, ರಾಳದಲ್ಲಿ ಕೂರಿಸಿ, ಅಡ್ಡಲಾಗಿ ಉಜ್ಜಿ ಮೈಕ್ರೋಸ್ಕೋಪಿನಡಿ ಇಟ್ಟೆವು. ಕೆಳಗಿನಿಂದ ಮೇಲಕ್ಕೆ: ಅಸ್ತರಿ, ಹಸಿರು ಛಾಯೆಯ ಬೂದು ಬಣ್ಣ, ಹಳೆಯ ವಾರ್ನಿಷ್, ಒಂದು ಸಾಲು ಕಪ್ಪು ಕೊಳೆ, ಅದರ ಮೇಲೆ ಬಿಳಿಯ ಕಣಗಳಿಂದ ಕೂಡಿದ ಕಂದು, ಎಲ್ಲಕ್ಕೂ ಮೇಲೆ ಎರಡನೇ ವಾರ್ನಿಷ್. ಡ್ರೆಸ್ಡೆನ್‌ನಲ್ಲಿ ಸಿಕ್ಕ ಅದೇ ಬಗೆಯ ಸಾಕ್ಷಿ. ಅಲ್ಲಿ ಅದು ಮುಚ್ಚಿಹೋದ ಚಿತ್ರವನ್ನು ಹೊರತಂದಿತು, ಇಲ್ಲಿ ಹಳೆಯ ರಿಪೇರಿಯೊಂದನ್ನು ಹೊರಹಾಕಿತು.

ತಮ್ಮನನ್ನು ಕರೆದು ಹೇಳಬೇಕಿತ್ತು. ಆ ಒಂದು ವಾರದಲ್ಲಿ ಅವರು ಮಗುವಿಗೆ ಒಂದು ಬದುಕನ್ನೇ ಕಟ್ಟಿಕೊಂಡಿದ್ದರು. ಹಳೆಯ ಪತ್ರಗಳನ್ನೆಲ್ಲ ತೆರೆದು ಹುಡುಕಿದ್ದರು. ತುಂಡಾದ ದಾರಗಳನ್ನು ಒಂದೊಂದಾಗಿ ತೋರಿಸಿದೆ. ಅವರು ಬಾಗಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನೋಡಿದರು. "ಈಗ ಮುಖ ಕಾಣ್ತಾನೇ ಇಲ್ಲ" ಎಂದರು. ಅವರ ಬಗ್ಗೆ ನನಗೆ ನಿಜಕ್ಕೂ ಗೌರವ ಮೂಡಿದ್ದು ಆ ಹೊತ್ತಿಗೆ. ಆಸೆಪಟ್ಟದ್ದನ್ನು ಅಷ್ಟು ಬೇಗ ಬಿಟ್ಟುಕೊಡುವುದು ಸುಲಭವಲ್ಲ. ಇದಾಗಿ ಎರಡು ವಾರಕ್ಕೆ ಅದೇ ಪರೀಕ್ಷೆ ನನಗೆ ಬಂತು, ನಾನು ಅಷ್ಟು ಬೇಗ ಬಿಟ್ಟುಕೊಡಲಿಲ್ಲ.

ಕೆಂಪು

ಒಪ್ಪಂದ ಹೀಗಾಯಿತು: ಕೊಳೆ ತೆಗೆಯುವುದು, ಹಳದಿಗಟ್ಟಿದ ವಾರ್ನಿಷ್ ತೆಗೆಯುವುದು, ಕಂದು ಮೇಲ್ಬಣ್ಣ ತೆಗೆದು ತೂತನ್ನು ಅದರ ನಿಜವಾದ ಅಳತೆಗೆ ಇಳಿಸುವುದು. ಅಕ್ಕ ವಾರ್ನಿಷ್ ವಿಷಯದಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. "ಮುಖಕ್ಕೆ ಕೈ ಹಾಕುವ ಮುಂಚೆ ನನ್ನನ್ನು ಕರೆಯಿರಿ" ಎಂದು ಎರಡು ಸಲ ಹೇಳಿದರು.

ಮೇಲಿನ ಕೊಳೆ ಟ್ರೈಅಮೋನಿಯಂ ಸಿಟ್ರೇಟಿನ ತೆಳು ದ್ರಾವಣಕ್ಕೆ ಸಲೀಸಾಗಿ ಬಂತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ವಾರ್ನಿಷಿಗೆ ಐಸೋಆಕ್ಟೇನ್ ಎಂಬ ಸೌಮ್ಯ ದ್ರಾವಕಕ್ಕೆ ಐಸೋಪ್ರೊಪನಾಲ್ ಎಂಬ ಆಲ್ಕೋಹಾಲ್ ಬೆರೆಸಿ, ಸೌಮ್ಯದಿಂದ ಶುರುಮಾಡಿ ಹಂತಹಂತವಾಗಿ ಆಲ್ಕೋಹಾಲಿನ ಪಾಲು ಹೆಚ್ಚಿಸುತ್ತ ಪರೀಕ್ಷಿಸಿದೆ. ಚೌಕಟ್ಟಿನ ಅಂಚಿನಡಿ ಮರೆಯಾಗುವ ಜಾಗದಲ್ಲಿ, ಪ್ರತಿ ಬಣ್ಣಕ್ಕೂ ಅರ್ಧ ಸೆಂ.ಮೀ. ಚೌಕ. ಆಲ್ಕೋಹಾಲ್ ನೂರಕ್ಕೆ 30 ಪಾಲು ಇರುವ ಮಿಶ್ರಣ ಎರಡೂ ವಾರ್ನಿಷ್‌ಗಳನ್ನು ಕರಗಿಸಿತು, ಬಣ್ಣ ಮಾತ್ರ ಅಲುಗಲಿಲ್ಲ. ಹಿನ್ನೆಲೆಯಲ್ಲಿ, ಕುರ್ಚಿಯಲ್ಲಿ, ಶಾಲಿನ ತುದಿಯಲ್ಲಿ, ಎಲ್ಲ ಕಡೆ ಸುರಕ್ಷಿತ ಎಂದು ಬರೆದುಕೊಂಡೆ.

ಮೇಲಿನ ಬಲ ಮೂಲೆಯ ಹಿನ್ನೆಲೆಯಿಂದ ಕೆಲಸ ಶುರುಮಾಡಿದೆ. ಆರು ಸೆಂ.ಮೀ. ಅಗಲದ ಜಾಗ ತಿಳಿಯಾದಾಗ ಜೇನುಬಣ್ಣದ ಕೆಳಗಿನಿಂದ ತಣ್ಣನೆಯ ಬೂದು ಹೊರಬಂತು. ಎಷ್ಟೇ ವರ್ಷ ಈ ಕೆಲಸ ಮಾಡಿದರೂ ಈ ಗಳಿಗೆಯ ಖುಷಿ ಕಡಿಮೆಯಾಗುವುದಿಲ್ಲ. ಅದರ ಅಪಾಯವೂ ಅಲ್ಲೇ ಇದೆ: ಕೈಗೆ ಇನ್ನಷ್ಟು ಬೇಕು ಎನ್ನಿಸುತ್ತದೆ.

ಮುಖವನ್ನು ಕೊನೆಗೆ ಇಟ್ಟುಕೊಂಡು ಶಾಲಿಗೆ ಬಂದೆ. ಮಡಿಲಿನ ಮೇಲಿನ ಒಂದು ಆಳವಾದ ಮಡಿಕೆ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ ಉಜ್ಜಿದೆ. ಮೊದಲ ಕಡ್ಡಿಯ ಹತ್ತಿಗೆ ಹಳದಿ ಕಂದು ಹತ್ತಿತು, ವಾರ್ನಿಷ್. ಎರಡನೆಯದಕ್ಕೆ ಹಳದಿಯ ಜೊತೆ ನಸುಗುಲಾಬಿ.

ಇಲ್ಲಿ ಕೈ ನಿಲ್ಲಬೇಕಿತ್ತು. ಈ ವೃತ್ತಿಯ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು, ಹತ್ತಿಗೆ ಬಣ್ಣ ಹತ್ತಿದರೆ ನಿಲ್ಲಿಸಬೇಕು. ನನ್ನ ತಲೆಯಲ್ಲಿ ಆಗ ಬಂದ ವಿಚಾರ ಬೇರೆ: ಎಡಭಾಗವನ್ನು ಮುಚ್ಚಿದ ಆ ಹಳೆಯ ರಿಪೇರಿಗಾರನೇ ಶಾಲಿಗೂ ಕೈ ಹಾಕಿರಬೇಕು, ಇದು ಅವನ ಕೆಂಪು, ಹೋಗಲಿ. ತಿಂಗಳಿಂದ ಅವನ ಕೈಗುರುತನ್ನೇ ಹುಡುಕುತ್ತಿದ್ದ ನನಗೆ ಎಲ್ಲೆಲ್ಲೂ ಅವನೇ ಕಾಣತೊಡಗಿದ್ದ. ಅಂಚಿನ ಪರೀಕ್ಷೆಯಲ್ಲಿ ಕೆಂಪು ಗಟ್ಟಿಯಾಗಿತ್ತಲ್ಲ, ಹಾಗಾಗಿ ಇಲ್ಲಿ ಕರಗುವ ಕೆಂಪು ಮೂಲದ್ದಲ್ಲ ಎಂದು ತರ್ಕವೂ ಸಿಕ್ಕಿತು. ಮೂರನೆಯ ಕಡ್ಡಿ ಹಾಕಿದೆ. ಅದು ಕೆಂಪಾಗಿಯೇ ಬಂತು. ಮಡಿಕೆಯ ಆಳ ಹೋಗಿ ಅಲ್ಲೊಂದು ಇಟ್ಟಿಗೆ ಬಣ್ಣದ ಚಪ್ಪಟೆ ಮಚ್ಚೆ ಕುಳಿತಿತ್ತು.

ಕೋಣೆಯ ದೀಪ ಆರಿಸಿ ಯುವಿ ದೀಪ ಹಿಡಿದೆ. ಮಚ್ಚೆಯ ಸುತ್ತ, ವಾರ್ನಿಷ್ ಅರ್ಧ ತೆಳುವಾದ ಕಡೆ, ಶಾಲು ಕಿತ್ತಳೆಗುಲಾಬಿಯಾಗಿ ಹೊಳೆಯುತ್ತಿತ್ತು. ಮ್ಯಾಡರ್ ಗಿಡದ ಬೇರಿನಿಂದ ಮಾಡಿದ ಕೆಂಪು ಯುವಿಯಲ್ಲಿ ಹೊಳೆಯುವುದು ಹೀಗೆಯೇ. ಇಷ್ಟು ದಿನ ಮೇಲಿನ ವಾರ್ನಿಷಿನ ಹಸಿರು ಮಂಜು ಅದನ್ನು ಮುಚ್ಚಿಟ್ಟಿತ್ತು. ನಾನು ಉಜ್ಜಿದ ಜಾಗದಲ್ಲಿ ಮಾತ್ರ ಹೊಳಪಿರಲಿಲ್ಲ. ಹಾನಿಯಾದ ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕೆಂಪಿನ ಬಿರುಕುಗಳು ಕೆಳಗಿನ ಬಣ್ಣದ ಬಿರುಕುಗಳ ಜೊತೆ ಒಂದಾಗಿ ಓಡುತ್ತಿದ್ದವು, ಕೆಂಪಿನ ಕೆಳಗೆ ಕೊಳೆಯ ಸಾಲು ಇರಲಿಲ್ಲ. ಅದು ಚಿತ್ರಕಾರನದೇ ಕೆಂಪು. ಇಟ್ಟಿಗೆ ಬಣ್ಣ ಬಳಿದು, ಒಣಗಿಸಿ, ನೆರಳಿರುವಲ್ಲೆಲ್ಲ ರಾಳ ಬೆರೆಸಿದ ಪಾರದರ್ಶಕ ಮ್ಯಾಡರ್ ಅನ್ನು ಗ್ಲೇಜ್ ಆಗಿ, ಅಂದರೆ ಕೆಳಗಿನ ಬಣ್ಣ ಕಾಣುವಷ್ಟು ತೆಳು ಪದರವಾಗಿ, ಹಚ್ಚಿದ್ದ. ರಾಳ ಇದ್ದುದರಿಂದಲೇ ಅದು ವಾರ್ನಿಷ್ ಜೊತೆಯಲ್ಲೇ ಕರಗಿತು. ಚೌಕಟ್ಟಿನಡಿ ಮರೆಯಾಗುವ ಅಂಚಿಗೆ ಅವನು ಗ್ಲೇಜ್ ಎಳೆದೇ ಇರಲಿಲ್ಲ. ನನ್ನ ಪರೀಕ್ಷೆ ಸುಳ್ಳು ಹೇಳಿರಲಿಲ್ಲ, ಆ ಜಾಗದ ಮಟ್ಟಿಗೆ ಸರಿಯಾಗಿಯೇ ಇತ್ತು. ಅಲ್ಲಿ ಸರಿ ಅಂದದ್ದನ್ನು ಇಡೀ ಶಾಲಿಗೆ ಅನ್ವಯಿಸಿದವಳು ನಾನು.

ಅವತ್ತೇ ಸಂಜೆ ಇಬ್ಬರಿಗೂ ಫೋನ್ ಮಾಡಿದೆ. ಮರುದಿನ ಬಂದಾಗ ಮೂರೂ ಕಡ್ಡಿಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ತೋರಿಸಿದೆ. ತಮ್ಮ ಮೂರನೆಯದನ್ನೇ ನೋಡುತ್ತ ನಿಂತರು. ಅಕ್ಕ ಎರಡನೆಯದರ ಮೇಲೆ ಬೆರಳಿಟ್ಟು, "ಇದರಲ್ಲೇ ಕಾಣಿಸ್ತಿದೆಯಲ್ಲ?" ಎಂದರು. ಹೌದು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಎಲ್ಲಿಗೆ ನಿಲ್ಲಿಸುವುದು

ಕೆಲಸ ಎರಡು ವಾರ ನಿಂತಿತು. ಆ ಹೊತ್ತಿನಲ್ಲಿ ಇಡೀ ಯೋಜನೆಯನ್ನು ಮತ್ತೆ ಬರೆಯಬೇಕಾಯಿತು. ಶಾಲಿನ ಮೇಲಿನ ಹಳೆಯ ವಾರ್ನಿಷನ್ನು ಗ್ಲೇಜಿಗೆ ನೋವಾಗದ ಹಾಗೆ ತೆಗೆಯುವ ದಾರಿ ಕಾಣಲಿಲ್ಲ. ಬೇರೆ ದ್ರಾವಕ, ಜೆಲ್, ಎಲ್ಲವನ್ನೂ ಯೋಚಿಸಿದೆ. ಎರಡೂ ಒಂದೇ ಬಗೆಯ ರಾಳವಾದರೆ ಒಂದನ್ನು ಕರಗಿಸುವುದು ಇನ್ನೊಂದನ್ನೂ ಕರಗಿಸುತ್ತದೆ. ಶಾಲನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಪೂರ್ತಿ ತಿಳಿಮಾಡಿದರೆ? ತಣ್ಣನೆಯ ಬಿಳಿ ಮುಖದ ಕೆಳಗೆ ಜೇನಿನಲ್ಲಿ ಅದ್ದಿದ ಶಾಲು. ಚಿತ್ರಕಾರ ಕಟ್ಟಿದ ಬೆಳಕಿನ ಲೆಕ್ಕವೇ ತಪ್ಪುತ್ತದೆ.

ಈ ವೃತ್ತಿಯಲ್ಲಿ ಇದು ಹಳೆಯ ಜಗಳ. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಯುದ್ಧಕಾಲದಲ್ಲಿ ಪೂರ್ತಿ ತಿಳಿಮಾಡಿದ ಚಿತ್ರಗಳನ್ನು 1947ರಲ್ಲಿ ಪ್ರದರ್ಶಿಸಿದಾಗ ದೊಡ್ಡ ಗದ್ದಲವಾಯಿತು. ರೋಮ್‌ನ ಪುನಃಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕ ಚೆಸಾರೆ ಬ್ರಾಂದಿ 1949ರಲ್ಲಿ ಅದಕ್ಕೆ ಬಲವಾದ ಆಕ್ಷೇಪ ಬರೆದರು. ವಾರ್ನಿಷ್ ಎಂದು ನೀವು ತೆಗೆಯುವುದರಲ್ಲಿ ಚಿತ್ರಕಾರನ ಗ್ಲೇಜೂ ಹೋಗಬಹುದು, ಕಾಲ ತಂದ ಮಾಗುವಿಕೆಗೂ ಬೆಲೆಯಿದೆ ಎಂಬುದು ಅವರ ವಾದದ ತಿರುಳು. ಕಲಿಯುವಾಗ ಇದನ್ನು ಪರೀಕ್ಷೆಗಾಗಿ ಓದಿದ್ದೆ. ನಾನು ಆ ಪಕ್ಷವೂ ಅಲ್ಲ, ಈ ಪಕ್ಷವೂ ಅಲ್ಲ. ಪೂರ್ತಿ ತಿಳಿಮಾಡಿ ಚಿತ್ರಕ್ಕೆ ಉಸಿರು ಬಂದಂತಾದ ಕೆಲಸಗಳನ್ನು ನಾನೇ ಮಾಡಿದ್ದೇನೆ. ಈ ಚಿತ್ರದಲ್ಲಿ ಮಾತ್ರ ಎಷ್ಟು ತೆಗೆಯಬೇಕು ಎಂಬುದನ್ನು ಶಾಲೇ ತೀರ್ಮಾನಿಸಬೇಕಿತ್ತು.

ಮೇಲಿನ ಎರಡನೇ ವಾರ್ನಿಷ್ ಹೊಸದು, ಮೆತ್ತಗಿನದು. ಆಲ್ಕೋಹಾಲ್ ನೂರಕ್ಕೆ 10 ಪಾಲು ಇದ್ದ ಮಿಶ್ರಣಕ್ಕೇ ಅದು ಬರುತ್ತಿತ್ತು, ಕೆಳಗಿನ ಹಳೆಯ ಪದರ ಹಾಗೇ ನಿಲ್ಲುತ್ತಿತ್ತು. ಶಾಲಿನ ಐದು ಬೇರೆ ಬೇರೆ ಮಡಿಕೆಗಳಲ್ಲಿ, ಪ್ರತಿ ಕಡ್ಡಿಯ ನಂತರ ಯುವಿ ಹಿಡಿದು ನೋಡಿ ಇದನ್ನು ಖಚಿತಪಡಿಸಿಕೊಂಡೆ. ಆಮೇಲೆ ತೀರ್ಮಾನ ಸರಳವಾಯಿತು: ಶಾಲು ಸಹಿಸುವ ಮಟ್ಟವೇ ಇಡೀ ಚಿತ್ರದ ಮಟ್ಟ. ಮುಖದಲ್ಲೂ, ಕೈಯಲ್ಲೂ, ಹಿನ್ನೆಲೆಯಲ್ಲೂ ಮೇಲಿನ ವಾರ್ನಿಷ್ ಮಾತ್ರ ತೆಗೆದು, ಹಳೆಯದನ್ನು ಉಳಿಸಿದೆವು. ಆಗಲೇ ತಿಳಿಯಾಗಿದ್ದ ಬಲ ಮೂಲೆಗೆ ಬಣ್ಣ ಕಲೆಸಿದ ತೆಳು ವಾರ್ನಿಷ್ ಕೊಟ್ಟು ಸರಿದೂಗಿಸಿದೆ.

ಮುಖಕ್ಕೆ ಕೈ ಹಾಕುವ ದಿನ ಅಕ್ಕನನ್ನು ಕರೆದೆ. ಅವರು ಬೆಳಗಿನಿಂದ ಸಂಜೆವರೆಗೆ ಕುಳಿತು ನೋಡಿದರು. ಕಂದು ಮುಸುಕು ಸರಿದು ಕೆನ್ನೆಯ ಕೆಂಪು, ಕಣ್ಣಿನ ಕೆಳಗಿನ ನೆರಳು ಕಂಡವು, ಬೆಚ್ಚನೆಯ ಛಾಯೆ ಮಾತ್ರ ಉಳಿಯಿತು. "ಇವರೇ" ಎಂದರು. ತಮ್ಮನಿಗೆ ಸಮಾಧಾನವಾಗಲು ಸಮಯ ಹಿಡಿಯಿತು. "ಇನ್ನೂ ಹಳದಿ ಇದೆಯಲ್ಲ" ಎಂದು ಹೇಳುತ್ತಲೇ ಇದ್ದರು. ಅವರ ಆಸೆಯಲ್ಲಿ ತಪ್ಪೇನಿರಲಿಲ್ಲ, ಈ ಚಿತ್ರ ಅದಕ್ಕೆ ಅವಕಾಶ ಕೊಡಲಿಲ್ಲ, ಅಷ್ಟೇ.

ತೂತು ಮತ್ತು ಅದರ ಸುತ್ತ

ಕಂದು ಮೇಲ್ಬಣ್ಣವನ್ನು ಮಾತ್ರ ತೆಗೆಯಲೇಬೇಕು ಎಂಬುದರಲ್ಲಿ ಮೂವರಿಗೂ ಅನುಮಾನವಿರಲಿಲ್ಲ. 11 × 7 ಸೆಂ.ಮೀ. ತೂತನ್ನು ಮರೆಮಾಡಲು ಅದರ ಐದು ಪಟ್ಟಿಗಿಂತ ಹೆಚ್ಚು ಜಾಗ ಮುಚ್ಚಿದ್ದರು. ಅಷ್ಟರ ಕೆಳಗೂ ಮೂಲ ಬಣ್ಣ ಇತ್ತು. ಎಣ್ಣೆಯ ಮೇಲ್ಬಣ್ಣ ಕಲ್ಲಿನಂತೆ ಗಟ್ಟಿಯಾಗಿದ್ದರೂ ನಡುವಿನ ಹಳೆಯ ವಾರ್ನಿಷ್ ಮತ್ತು ಕೊಳೆಯ ಪದರ ನಮ್ಮ ಪಾಲಿಗೆ ಮೆತ್ತೆಯಂತಿತ್ತು. ಜೆಲ್ ಇಟ್ಟು ಸ್ವಲ್ಪ ಮೆದುವಾಗಿಸಿ, ಮೈಕ್ರೋಸ್ಕೋಪಿನಡಿ ಸ್ಕಾಲ್ಪೆಲ್ ಮೊನೆಯಿಂದ ಎಬ್ಬಿಸಿದರೆ ಮೇಲ್ಬಣ್ಣ ಕೊಳೆಯ ಸಾಲಿನಲ್ಲೇ ಬಿಟ್ಟುಕೊಳ್ಳುತ್ತಿತ್ತು. ದಿನಕ್ಕೆ ಒಂದು ಬೆಂಕಿಪೊಟ್ಟಣದಷ್ಟು ಜಾಗವೂ ಆಗುತ್ತಿರಲಿಲ್ಲ. ಏಳು ವಾರ ಹಿಡಿಯಿತು.

ಹೊರಬಂದದ್ದು ಕತ್ತಲಲ್ಲ. ಹಸಿರು ಬೂದಿನ ಪರದೆ, ಮೇಲಿನಿಂದ ಇಳಿದ ಮೂರು ಮಡಿಕೆಗಳ ಸಮೇತ. ಎರಡು ಮಡಿಕೆಗಳು ತೂತಿನ ಮೇಲಂಚಿನಲ್ಲಿ ಒಳಹೋಗಿ ಕೆಳಂಚಿನಲ್ಲಿ ಅದೇ ನೇರದಲ್ಲಿ ಹೊರಬರುತ್ತಿದ್ದವು. ಬಲ ಅಂಚಿನಲ್ಲಿ ಮಾತ್ರ ಒಂದು ಓರೆಯಾದ ಕಪ್ಪು ಗೆರೆ ತೂತಿನೊಳಕ್ಕೆ ಹೋಗಿ ಮತ್ತೆ ಎಲ್ಲೂ ಕಾಣಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಕುರ್ಚಿಯ ಬೆನ್ನೋ, ಮೇಜಿನ ಮೂಲೆಯೋ.

"ಅದನ್ನೂ ಮುಗಿಸಿಬಿಡಿ, ಕುರ್ಚಿ ಅಂತ ಗೊತ್ತಾಗ್ತಿದೆಯಲ್ಲ" ಎಂದರು ತಮ್ಮ. ಆಮೇಲೆ ತಾವೇ ತಡೆದುಕೊಂಡು, "ಗೊತ್ತಾಗ್ತಿದೆ ಅಂತ ನನಗೆ ಅನ್ನಿಸ್ತಿದೆ" ಎಂದು ತಿದ್ದಿಕೊಂಡರು.

ಕಟ್ಟಡಗಳ ಜೀರ್ಣೋದ್ಧಾರಕ್ಕಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದಿನಲ್ಲಿ ಒಂದು ಮಾತಿದೆ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಕೆಲಸ ನಿಲ್ಲಬೇಕು. ನಮ್ಮ ಮೇಜಿಗೂ ಅದೇ ನಿಯಮ. ಸೇರಿಸಬಹುದಾದ ಎರಡು ಮಡಿಕೆಗಳನ್ನು ಸೇರಿಸಿದೆ, ರೋಮ್‌ನ ಸಂಸ್ಥೆಯಲ್ಲಿ ಬೆಳೆದ ತ್ರಾತೆಜ್ಜೊ ಕ್ರಮದಲ್ಲಿ, ಅಂದರೆ ಒತ್ತೊತ್ತಾದ ಲಂಬ ಗೆರೆಗಳಿಂದ. ಕೋಣೆಯ ಈಚೆ ನಿಂತು ನೋಡಿದರೆ ಪರದೆ ಅಖಂಡವಾಗಿ ಕಾಣುತ್ತದೆ, ಒಂದಡಿ ಹತ್ತಿರ ಬಂದರೆ ಗೆರೆಗಳು ಬಿಡಿಬಿಡಿಯಾಗಿ, ಇದು ಮೂಲದ್ದಲ್ಲ ಎಂದು ಹೇಳುತ್ತವೆ. ಹಳೆಯ ಪುಟ್ಟಿ ಗಟ್ಟಿಯಾಗಿದ್ದುದರಿಂದ ಅದನ್ನು ತೆಗೆಯಲಿಲ್ಲ, ಮೂಲ ಬಣ್ಣದ ಮೇಲೆ ಹರಿದಿದ್ದಷ್ಟನ್ನು ಮಾತ್ರ ಕೆರೆದೆ. ನಡುವೆ ಪ್ರತ್ಯೇಕಿಸುವ ವಾರ್ನಿಷ್ ಒಂದು ಪದರ, ಅದರ ಮೇಲೆ ಮುಂದೆ ಬೇಕೆಂದಾಗ ಕರಗಿಸಿ ತೆಗೆಯಬಹುದಾದ ರೀಟಚ್ ಬಣ್ಣ. ಓರೆಗೆರೆಯನ್ನು ಮುಂದುವರಿಸಲಿಲ್ಲ. ಅದು ತೂತಿನ ಅಂಚಿಗೆ ಬಂದು ಬೂದು ಗೆರೆಗಳಲ್ಲಿ ನಿಲ್ಲುತ್ತದೆ.

ಆಮೇಲೆ ಬದಲಾದದ್ದು

ಚಿತ್ರ ಈಗ ಅಕ್ಕನ ಮನೆಯಲ್ಲಿದೆ, ಹೊರಗೋಡೆ ಬಿಟ್ಟು ಒಳಗೋಡೆಯ ಮೇಲೆ. ಬೆಣೆಗಳು ಮತ್ತೆ ಜಾರದ ಹಾಗೆ ಕಟ್ಟಿದ್ದೇವೆ, ಹಿಂಬದಿಗೆ ಧೂಳು ತಡೆಯುವ ಹಲಗೆ ಹಾಕಿದ್ದೇವೆ. ವರ್ಷಕ್ಕೊಮ್ಮೆ ಹೋಗಿ ನೋಡಿಬರುತ್ತೇನೆ. ಎರಡು ಸಲ ನೋಡಿದ್ದಾಗಿದೆ, ಒಂದು ಚಕ್ಕೆಯೂ ಎದ್ದಿಲ್ಲ.

ಕಾರ್ಯಾಗಾರದಲ್ಲಿ ಕೆಲವು ಕ್ರಮ ಬದಲಾಗಿವೆ. ಅಂಚಿನ ಪರೀಕ್ಷೆಯನ್ನು ಈಗ ಆರಂಭ ಎಂದಷ್ಟೇ ಎಣಿಸುತ್ತೇವೆ. ಒಂದು ಬಣ್ಣದ ಬೆಳಕು, ನಡುಛಾಯೆ, ಆಳವಾದ ನೆರಳು, ಮೂರರಲ್ಲೂ ಪರೀಕ್ಷಿಸದೆ ಆ ಬಣ್ಣ ಸುರಕ್ಷಿತ ಎಂದು ಬರೆಯುವಂತಿಲ್ಲ. ಪ್ರತಿ ಪರೀಕ್ಷಾ ಚೌಕ ತೆರೆದ ಮೇಲೆ ಯುವಿಯಲ್ಲಿ ಮತ್ತೆ ನೋಡಬೇಕು, ವಾರ್ನಿಷ್ ಇದ್ದಾಗ ನೋಡಿದ್ದು ಸಾಲದು. ಎಕ್ಸ್‌ರೇ ಬಂದರೆ, ಮಾಲೀಕರ ಕಥೆ ಕೇಳಿರದ ಸಹೋದ್ಯೋಗಿಯೊಬ್ಬರು ಮೊದಲು ನೋಡಿ, ಕಂಡದ್ದನ್ನು ಬರೆದಿಡುತ್ತಾರೆ, ಆಮೇಲೆ ನಾವು ನೋಡುತ್ತೇವೆ. ಹೊಸದಾಗಿ ಬಂದ ಒಬ್ಬಳು ಇದು ಸಮಯ ಹಾಳು ಎಂದಳು. ಅವಳಿಗೆ ಈ ಚಿತ್ರದ ಎಕ್ಸ್‌ರೇ ತೋರಿಸಿ ಏನು ಕಾಣುತ್ತದೆ ಎಂದು ಕೇಳಿದೆ. "ಮಗು" ಎಂದಳು.

ಶಾಲಿನ ಮೇಲಿನ ಮಚ್ಚೆಗೆ ರೀಟಚ್ ಮಾಡಿದ್ದೇನೆ. ದೀಪದ ಬೆಳಕಿನಲ್ಲಿ ಮಡಿಕೆಯ ಆಳ ಮತ್ತೆ ಬಂದಂತೆ ಕಾಣುತ್ತದೆ, ಅಕ್ಕನಿಗೆ ಎಲ್ಲಿ ಎಂದು ತೋರಿಸಿಯೇ ಹೇಳಬೇಕು. ಮನೆಯವರಿಗೆ ಕೊಟ್ಟ ವರದಿಯ 14ನೇ ಪುಟದಲ್ಲಿ ಅದರ ಫೋಟೋ ಇದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದದ್ದು: ಎಡ ಅಂಚಿನಿಂದ 41 ಸೆಂ.ಮೀ., ಕೆಳ ಅಂಚಿನಿಂದ 18 ಸೆಂ.ಮೀ., ಕಾರಣದ ಸಾಲಿನಲ್ಲಿ ನನ್ನ ಹೆಸರು. ಮುಂದೆ ಯಾರಾದರೂ ಈ ಚಿತ್ರವನ್ನು ಬಿಚ್ಚಿ, ವಾರ್ನಿಷ್ ತೆಳುಮಾಡಿ, ಕತ್ತಲಲ್ಲಿ ಯುವಿ ದೀಪ ಹಿಡಿದರೆ ಶಾಲಿನ ನೆರಳುಗಳೆಲ್ಲ ಕಿತ್ತಳೆಗುಲಾಬಿಯಾಗಿ ಹೊಳೆಯುತ್ತವೆ, ಮಡಿಲಿನ ಮಡಿಕೆಯಲ್ಲಿ ಮಾತ್ರ ಉಗುರಿನಷ್ಟು ಕಪ್ಪು ಉಳಿಯುತ್ತದೆ.